ಫ್ಯಾಟಿ ಲಿವರ್: ಗ್ರೇಡ್ ನೋಡಿ ಸುಮ್ಮನಾಗಬೇಡಿ



ಡೊಂಬಿವಲಿ, ಕಲ್ಯಾಣ್‌ನಿಂದ ಬೆಳಿಗ್ಗೆ ಲೋಕಲ್ ಹಿಡಿದು, ದಿನವಿಡೀ ಕುರ್ಚಿಯಲ್ಲಿ ಕೂತು, ರಾತ್ರಿ ತಡವಾಗಿ ಉಣ್ಣುವವರು ನಾವು. ಸೋನೋಗ್ರಫಿ ವರದಿಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂದಿದ್ದರೆ, ‘ಎಲ್ಲರಿಗೂ ಇರುವುದೇ’ ಎಂದು ಅದನ್ನು ಕಪಾಟಿಗೆ ಸೇರಿಸುತ್ತೇವೆ.

ಆ ಗ್ರೇಡ್ ಹೇಳುವುದು ಕೊಬ್ಬಿನ ಪ್ರಮಾಣವನ್ನು ಮಾತ್ರ. ಯಕೃತ್ತಿನ ಜೀವಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿದರೆ ಅದು ಫ್ಯಾಟಿ ಲಿವರ್. ಬೊಜ್ಜು ಇದ್ದವರಲ್ಲಿ, ಮದ್ಯ ಮುಟ್ಟದಿದ್ದರೂ, ಇದು ಸಾಮಾನ್ಯ. ಕೆಲವರಲ್ಲಿ ಕೋಶಗಳು ಬಲೂನಿನಂತೆ ಊದಿ, ಉರಿಯೂತವಾಗಿ, ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಈ ನಾರಿಗೆ 0ಯಿಂದ 4ರವರೆಗೆ ಬೇರೆಯೇ ಹಂತಗಳಿವೆ. 4 ಎಂದರೆ ಸಿರೋಸಿಸ್. ಮುಂದಿನ ಅಪಾಯವನ್ನು ಮುಖ್ಯವಾಗಿ ತಿಳಿಸುವುದು ಈ ನಾರೇ. ಆರಂಭದಲ್ಲಿ ಅದು ನೋಯುವುದಿಲ್ಲ, ಸಾಮಾನ್ಯ ಸೋನೋಗ್ರಫಿಯಲ್ಲಿ ಕಾಣುವುದೂ ಇಲ್ಲ.

ಆದ್ದರಿಂದ ಡಾಕ್ಟರರನ್ನು ಕೇಳಿ: “ನನ್ನ ಲಿವರಿನಲ್ಲಿ ನಾರು ಬೆಳೆದಿದೆಯೇ?” ವಯಸ್ಸು, ರಕ್ತದ ಎಸ್‌ಜಿಓಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸಂಖ್ಯೆ ಇವಿಷ್ಟರಿಂದ ಲೆಕ್ಕ ಹಾಕುವ ‘ಫಿಬ್-4’ ಮೊದಲ ಅಂದಾಜು ಕೊಡುತ್ತದೆ. ಬೇಕಾದರೆ ಫೈಬ್ರೊಸ್ಕ್ಯಾನ್ ಇದೆ. 2021ರಲ್ಲಿ ಕೇಂದ್ರ ಸರಕಾರವೂ ಈ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಸಮಾಧಾನದ ಮಾತೆಂದರೆ, ಯಕೃತ್ತು ಚೇತರಿಸಿಕೊಳ್ಳುವ ಅಂಗ. ದೇಹದ ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೆ ಕೊಬ್ಬು ಕರಗತೊಡಗುತ್ತದೆ. 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ. 10 ದಾಟಿದರೆ ಹಲವರಲ್ಲಿ ನಾರೂ ಕಡಿಮೆಯಾಗುತ್ತದೆ. 80 ಕಿಲೋ ತೂಗುವವರಿಗೆ ಅದು 8 ಕಿಲೋ. ಥಾಣೆಯಿರಲಿ, ನವಿ ಮುಂಬಯಿಯಿರಲಿ, ಸ್ಟೇಷನ್ನಿನಿಂದ ಮನೆಗೆ ಶೇರ್ ರಿಕ್ಷಾ ಬಿಟ್ಟು ನಡೆಯುವುದರಿಂದಲೇ ಶುರುಮಾಡಬಹುದಲ್ಲವೇ?