ಚಪ್ಪಟೆ ಟಿವಿಯ ಪವರ್ ಸಪ್ಲೈ: ಮನೆಯಲ್ಲೇ ದುರಸ್ತಿ ಎಲ್ಲಿಯವರೆಗೆ?

ರಿಮೋಟಿನ ಗುಂಡಿ ಒತ್ತಿದರೆ ಟಿವಿಯ ಮೂಲೆಯ ಕೆಂಪು ದೀಪ ಹಸಿರಾಗುತ್ತದೆ. ಒಳಗಿನಿಂದ 'ಟಿಕ್' ಎಂಬ ಸದ್ದು ಬರುತ್ತದೆ. ಮರುಕ್ಷಣವೇ ಇನ್ನೊಂದು 'ಟಿಕ್', ಮತ್ತೆ ಕೆಂಪು ದೀಪ. ಪರದೆ ಮಾತ್ರ ಕಪ್ಪು. ನಮ್ಮ ಮನೆಯ 32 ಅಂಗುಲದ ಎಲ್‌ಸಿಡಿ ಟಿವಿ ಆರನೆಯ ವರ್ಷದಲ್ಲಿ ಹೀಗೆ ಹಟ ಹಿಡಿಯಲು ಶುರುಮಾಡಿತು. ಮೊದಮೊದಲು ಎರಡು ಸಲ ಟಿಕ್ ಎಂದು ಮೂರನೆಯ ಸಲಕ್ಕೆ ಹೊತ್ತಿಕೊಳ್ಳುತ್ತಿತ್ತು. ತಿಂಗಳು ಕಳೆಯುವುದರೊಳಗೆ ಕಾಲು ಗಂಟೆ ಕಾಯುವಂತಾಯಿತು. ಕೊನೆಗೆ ಚಳಿಗಾಲದ ಒಂದು ಬೆಳಿಗ್ಗೆ ಬರಲೇ ಇಲ್ಲ. ರಿಪೇರಿ ಅಂಗಡಿಯವರು ಹಿಂದಿನ ಮುಚ್ಚಳ ತೆಗೆಯುವ ಮೊದಲೇ, "ಬೋರ್ಡ್ ಹೋಗಿದೆ ಸಾರ್, ಈ ಮಾಡೆಲ್‌ದು ಈಗ ಸಿಗಲ್ಲ, ಹೊಸ ಟಿವಿ ತಗೊಂಡುಬಿಡಿ" ಎಂದರು.

ಹೋಗಿದ್ದುದು ಬೋರ್ಡ್ ಅಲ್ಲ, ಕಿರುಬೆರಳಿನ ಗಾತ್ರದ ಮೂರು ಕೆಪಾಸಿಟರುಗಳು. ಮೂರಕ್ಕೂ ಸೇರಿ ಐವತ್ತು ರೂಪಾಯಿ ದಾಟಲಿಲ್ಲ.

ಇದು ನಮ್ಮ ಒಂದು ಟಿವಿಯ ಕಥೆಯಲ್ಲ. ಚಪ್ಪಟೆ ಪರದೆಯ ಟಿವಿ, ಕಂಪ್ಯೂಟರ್ ಮಾನಿಟರ್, ಸೆಟ್ ಟಾಪ್ ಬಾಕ್ಸ್ ಎಲ್ಲವುಗಳ ಅತಿ ಸಾಮಾನ್ಯ ಕಾಯಿಲೆ ಇದು. ಕಾರಣ ಗೊತ್ತಿದ್ದರೆ, ಬೆಸುಗೆ ಹಾಕಲು ಬಲ್ಲವರು ಮನೆಯಲ್ಲೇ ಸರಿಪಡಿಸಬಹುದು. ಆದರೆ ಇದನ್ನು ಬರೆಯುವಾಗ ಒಂದು ಅಳುಕೂ ಇದೆ. ಅದೇ ಬೋರ್ಡಿನ ಇನ್ನೊಂದು ತುದಿಯಲ್ಲಿ, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲ ಮತ್ತೊಂದು ಕೆಪಾಸಿಟರ್ ಕುಳಿತಿರುತ್ತದೆ. ಎರಡನ್ನೂ ತಿಳಿಯದೆ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳಬಾರದು.

ಗೋಡೆಯಿಂದ ಪರದೆಯವರೆಗೆ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಟಿವಿಗೆ ಬೇಕಾದುದು ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತು. ರಿಮೋಟಿನ ಕರೆಗಾಗಿ ಸದಾ ಎಚ್ಚರವಾಗಿರುವ ಭಾಗಕ್ಕೆ ಸಾಮಾನ್ಯವಾಗಿ 5 ವೋಲ್ಟ್, ಚಿತ್ರ ಹಾಗೂ ಧ್ವನಿಯ ಮಂಡಲಗಳಿಗೆ 12 ವೋಲ್ಟ್, ಪರದೆಯ ಹಿಂಬದಿಯ ಬೆಳಕಿಗೆ ಅನೇಕ ಸೆಟ್ಟುಗಳಲ್ಲಿ 24 ವೋಲ್ಟ್. ಹಳೆಯ ರೇಡಿಯೋಗಳಲ್ಲಿ ಈ ಕೆಲಸಕ್ಕೆ ಕಬ್ಬಿಣದ ತಗಡುಗಳನ್ನು ಜೋಡಿಸಿದ ಭಾರವಾದ ಪರಿವರ್ತಕವಿರುತ್ತಿತ್ತು. ಅಂಥದ್ದನ್ನು ಗೋಡೆಗೆ ತೂಗುಹಾಕುವ ತೆಳು ಟಿವಿಯೊಳಗೆ ತುರುಕಲು ಸಾಧ್ಯವೇ?

ಪರಿವರ್ತಕದ ಗಾತ್ರಕ್ಕೂ ವಿದ್ಯುತ್ತಿನ ಆವೃತ್ತಿಗೂ ನಂಟಿದೆ. ಆವೃತ್ತಿ ಹೆಚ್ಚಿದಷ್ಟೂ, ಅಷ್ಟೇ ಶಕ್ತಿಯನ್ನು ದಾಟಿಸಲು ಚಿಕ್ಕ ತಿರುಳು ಸಾಕು. ಟಿವಿಯ ಪವರ್ ಸಪ್ಲೈ ಬಳಸುವುದು ಈ ಉಪಾಯವನ್ನೇ. ಗೋಡೆಯಿಂದ ಬಂದ ವಿದ್ಯುತ್ತನ್ನು ಮೊದಲು ನಾಲ್ಕು ಡಯೋಡುಗಳ ಬ್ರಿಡ್ಜಿನ ಮೂಲಕ ಹಾಯಿಸಿ ನೇರ ವಿದ್ಯುತ್ತಾಗಿಸುತ್ತಾರೆ. 230 ಎಂಬುದು ಒಂದು ಬಗೆಯ ಸರಾಸರಿ. ಅಲೆಯ ತುದಿ ಅದರ 1.41 ಪಟ್ಟು, ಅಂದರೆ ಸುಮಾರು 325 ವೋಲ್ಟ್. ದೊಡ್ಡ ಸೆಟ್ಟುಗಳಲ್ಲಿ ಇದನ್ನು ಇನ್ನೂ ಏರಿಸಿ 380ರಿಂದ 400 ವೋಲ್ಟ್ ಮಾಡುವ ಏರ್ಪಾಡಿರುತ್ತದೆ. ಇದನ್ನು ತುಂಬಿಟ್ಟುಕೊಳ್ಳುವುದೇ ಬೋರ್ಡಿನ ಮೇಲಿನ ಅತಿ ದೊಡ್ಡ ಕೆಪಾಸಿಟರ್. ಅಲ್ಲಿಂದ ಮುಂದೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಈ ವಿದ್ಯುತ್ತನ್ನು ಸೆಕೆಂಡಿಗೆ ಐವತ್ತು ಸಾವಿರ, ಒಂದು ಲಕ್ಷ ಸಲ ಕತ್ತರಿಸಿ ಫೆರೈಟ್ ತಿರುಳಿನ ಪುಟ್ಟ ಪರಿವರ್ತಕಕ್ಕೆ ಕೊಡುತ್ತದೆ. ಪರಿವರ್ತಕದ ಆಚೆ ಬದಿಯಲ್ಲಿ ಡಯೋಡುಗಳು ಅದನ್ನು ಮತ್ತೆ ನೇರವಾಗಿಸುತ್ತವೆ, ಸಣ್ಣ ಕೆಪಾಸಿಟರುಗಳು ಅದರ ಏರಿಳಿತವನ್ನು ಸಮಗೊಳಿಸುತ್ತವೆ.

ಪರಿವರ್ತಕದ ಈಚೆ ಬದಿ, ಅಂದರೆ ಗೋಡೆಯ ವಿದ್ಯುತ್ತಿಗೆ ಅಂಟಿಕೊಂಡ ಬದಿಯನ್ನು ಮೆಕ್ಯಾನಿಕ್‌ಗಳು 'ಹಾಟ್' ಎನ್ನುತ್ತಾರೆ, ಆಚೆಯದು 'ಕೋಲ್ಡ್'. ಎರಡರ ನಡುವೆ ತಾಮ್ರದ ಗೆರೆಗಳೇ ಇಲ್ಲದ ಅಗಲವಾದ ಖಾಲಿ ಪಟ್ಟಿ ಎದ್ದು ಕಾಣುತ್ತದೆ. ಕೋಲ್ಡ್ ಬದಿಯ ವೋಲ್ಟೇಜ್ ಸರಿಯಾಗಿದೆಯೇ ಎಂಬ ಸುದ್ದಿ ಹಾಟ್ ಬದಿಗೆ ತಲುಪುವುದು ತಂತಿಯಿಂದಲ್ಲ, ಬೆಳಕಿನಿಂದ! ಆ ಪಟ್ಟಿಯನ್ನು ದಾಟಿ ಕುಳಿತ ನಾಲ್ಕು ಕಾಲಿನ ಆಪ್ಟೋಕಪ್ಲರಿನೊಳಗೆ ಒಂದು ಪುಟ್ಟ ಎಲ್‌ಇಡಿ ಉರಿಯುತ್ತದೆ, ಅದರ ಎದುರಿನ ಟ್ರಾನ್ಸಿಸ್ಟರ್ ಅದನ್ನು ನೋಡುತ್ತದೆ.

ಒಣಗುವ ಕೆಪಾಸಿಟರ್

ಪವರ್ ಸಪ್ಲೈಯಲ್ಲಿ ಬಳಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದು ವಿಚಿತ್ರ ಸಾಧನ. ಎರಡು ಅಲ್ಯುಮಿನಿಯಮ್ ಹಾಳೆಗಳು, ನಡುವೆ ವಿದ್ಯುದ್ವಾಹಕ ದ್ರವದಲ್ಲಿ ನೆನೆಸಿದ ಕಾಗದ, ಎಲ್ಲವನ್ನೂ ಸುರುಳಿ ಸುತ್ತಿ ಡಬ್ಬಿಯೊಳಗಿಟ್ಟು ತಳಕ್ಕೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಒಂದು ಹಾಳೆಯ ಮೇಲಿನ ಅತಿ ತೆಳುವಾದ ಆಕ್ಸೈಡ್ ಪದರವೇ ಅವಾಹಕ. ಎಲೆಕ್ಟ್ರಾನಿಕ್ಸಿನ ಬಿಡಿಭಾಗಗಳಲ್ಲಿ ಹೀಗೆ ಒದ್ದೆಯಾಗಿದ್ದರೆ ಮಾತ್ರ ಬದುಕುವಂಥವು ಹೆಚ್ಚಿಲ್ಲ. ವರ್ಷಗಳು ಕಳೆದಂತೆ ದ್ರವ ಆವಿಯಾಗಿ ರಬ್ಬರಿನ ಮೂಲಕ ನುಸುಳುತ್ತದೆ. ಆಗ ಕೆಪಾಸಿಟರಿನ ಧಾರಕತೆ ಇಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಅದರ ಒಳರೋಧ ಏರುತ್ತದೆ. ರೋಧ ಏರಿದರೆ ಕಾವು ಹೆಚ್ಚು, ಕಾವು ಹೆಚ್ಚಿದರೆ ದ್ರವ ಇನ್ನೂ ಬೇಗ ಆರುತ್ತದೆ.

ಕಾವು 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕೆಪಾಸಿಟರುಗಳ ಬಗ್ಗೆ ಇಂಜಿನಿಯರುಗಳು ಬಳಸುವ ಅಂದಾಜಿನ ಸೂತ್ರ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಬಾಳುವಂಥದ್ದು 85 ಡಿಗ್ರಿಯಲ್ಲಿ 8000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ಆರು ಗಂಟೆ ಟಿವಿ ನೋಡುವ ಮನೆಯಲ್ಲಿ ಮೊದಲನೆಯದು ನಾಲ್ಕು ವರ್ಷ ತುಂಬುವ ಮುನ್ನ ಮುಗಿಯಿತು. ಎರಡನೆಯದು ಹದಿನಾಲ್ಕು ವರ್ಷ ದಾಟೀತು. ಒಂದೇ ಬಗೆಯ ಕೆಪಾಸಿಟರ್, ವ್ಯತ್ಯಾಸ ಬರೀ 20 ಡಿಗ್ರಿ! ಬಿಸಿ ಹೀಟ್ ಸಿಂಕಿಗೆ ಒತ್ತಿಕೊಂಡು ನಿಂತದ್ದೇ ಮೊದಲು ಸಾಯುವುದು ಏಕೆಂದು ಈಗ ಊಹಿಸಬಹುದು. ಇದು ಸಾಲದೆಂಬಂತೆ, ಸುಮಾರು 1999ರಿಂದ 2007ರವರೆಗೆ ಮುಖ್ಯವಾಗಿ ತೈವಾನಿನ ಹಲವು ತಯಾರಕರ ಕೆಪಾಸಿಟರುಗಳಲ್ಲಿ ದ್ರವದ ಪಾಕವೇ ಕೆಟ್ಟಿತ್ತು. ನೀರಿನಂಶದ ಆ ದ್ರವ ಅಲ್ಯುಮಿನಿಯಮ್ಮಿನೊಡನೆ ವರ್ತಿಸಿ ಹೈಡ್ರೊಜನ್ ಹುಟ್ಟಿಸುತ್ತಿತ್ತು, ಡಬ್ಬಿಗಳು ಉಬ್ಬಿ ಒಡೆಯುತ್ತಿದ್ದವು. ಆ ಕಾಲದ ಎಷ್ಟೋ ಕಂಪ್ಯೂಟರುಗಳು ಕೆಟ್ಟದ್ದು ಇದರಿಂದಲೇ.

ನಮ್ಮ ಟಿವಿಯ 'ಟಿಕ್ ಟಿಕ್'ನ ಅರ್ಥವೂ ಇಲ್ಲಿದೆ. 5 ವೋಲ್ಟಿನ ಭಾಗ ಸರಿಯಿದ್ದುದರಿಂದ ಟಿವಿ ರಿಮೋಟಿನ ಮಾತು ಕೇಳುತ್ತಿತ್ತು. ಆದರೆ ಹೊರೆ ಬಿದ್ದೊಡನೆ 12 ವೋಲ್ಟ್ ಕುಸಿಯುತ್ತಿತ್ತು, ಟಿವಿ ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ದ್ರವ ತಣ್ಣಗಿದ್ದಾಗ ಒಳರೋಧ ಇನ್ನೂ ಹೆಚ್ಚು. ಕೆಲವು ಸಲ ಪ್ರಯತ್ನಿಸುವಷ್ಟರಲ್ಲಿ ಕೆಪಾಸಿಟರ್ ತುಸು ಬೆಚ್ಚಗಾಗಿ ರೋಧ ಇಳಿಯುತ್ತದೆ, ಟಿವಿ ಹೊತ್ತಿಕೊಳ್ಳುತ್ತದೆ. ಚಳಿಯ ಬೆಳಿಗ್ಗೆಯೇ ಅದು ಕೈಕೊಟ್ಟದ್ದು ಆಕಸ್ಮಿಕವಲ್ಲ.

ಮುಚ್ಚಳ ತೆಗೆಯುವ ಮುನ್ನ

ಮೊದಲು ಕೋಣೆ ಕತ್ತಲು ಮಾಡಿ, ಟಿವಿ ಚಾಲೂ ಮಾಡಿ, ಪರದೆಗೆ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ, ಇಲ್ಲವೇ ಮಾತು ಕೇಳಿಸುತ್ತಿದ್ದರೆ, ಕೆಟ್ಟಿರುವುದು ಬಹುಶಃ ಹಿಂಬದಿಯ ಬೆಳಕು. 2010ರ ಆಸುಪಾಸಿನ ನಂತರದ ಟಿವಿಗಳಲ್ಲಿ ಎಲ್‌ಇಡಿ ಸಾಲಿನಲ್ಲಿ ಒಂದು ಸುಟ್ಟರೂ ಆ ಸಾಲು ಪೂರ್ತಿ ಆರುತ್ತದೆ. ಅದನ್ನು ಬದಲಿಸಲು ಪರದೆಯನ್ನೇ ಬಿಚ್ಚಬೇಕು. ಅದು ಮನೆಯ ಕೆಲಸವಲ್ಲ.

ಈಗ ದೊಡ್ಡ ಕೆಪಾಸಿಟರಿನ ವಿಚಾರ. 150 ಮೈಕ್ರೋಫ್ಯಾರಡ್, 390 ವೋಲ್ಟ್ ಎಂದುಕೊಳ್ಳೋಣ. ಅದರಲ್ಲಿರುವ ಶಕ್ತಿ, ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ, 11 ಜೂಲ್‌ಗಿಂತ ಸ್ವಲ್ಪ ಹೆಚ್ಚು. ಒಂದು ಕಿಲೋ ಸಕ್ಕರೆಯನ್ನು ನೆಲದಿಂದ ಎದೆಯ ಎತ್ತರಕ್ಕೆ ಎತ್ತಲು ಬೇಕಾದಷ್ಟು. ಕೇಳಲು ಅಲ್ಪ, ಆದರೆ ಅದು ಸೆಕೆಂಡಿನ ಒಂದು ಚೂರಿನಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ ಹರಿದರೆ? ಕೆಟ್ಟ ಪವರ್ ಸಪ್ಲೈಯಲ್ಲಿ ಈ ಶಕ್ತಿ ತಾನಾಗಿ ಬರಿದಾಗುವುದಕ್ಕೆ ಬಹಳ ಹೊತ್ತು ಹಿಡಿಯಬಹುದು.

ಆದ್ದರಿಂದ ಪ್ಲಗ್ ಕಿತ್ತು ಅರ್ಧ ಗಂಟೆಯಾದರೂ ಬಿಡಿ. ಕೇಬಲ್ಲಿನ ತಂತಿಯನ್ನೂ ಕಳಚಿ. ಬೋರ್ಡನ್ನು ಹೊರತೆಗೆಯುವಾಗ ಅಂಚುಗಳನ್ನು ಮಾತ್ರ ಹಿಡಿಯಿರಿ. ಹೆಚ್ಚಿನವರಿಗೆ ಶಾಕ್ ಹೊಡೆಯುವುದು ಬೋರ್ಡನ್ನು ಮಗುಚುವಾಗ, ಬೆರಳು ತಳದ ಬೆಸುಗೆಗಳ ಮೇಲೆ ಊರಿದಾಗ. ಅನಂತರ ಮಲ್ಟಿಮೀಟರನ್ನು 600 ಅಥವಾ 1000 ವೋಲ್ಟ್ ನೇರ ವಿದ್ಯುತ್ತಿಗಿಟ್ಟು ದೊಡ್ಡ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆಯಿರಿ. ವೋಲ್ಟೇಜ್ ಉಳಿದಿದ್ದರೆ 2.2 ಕಿಲೋಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರಿಗೆ ಹೊದಿಕೆಯ ತಂತಿ ಜೋಡಿಸಿ ಆ ಕಾಲುಗಳಿಗೆ ಮುಟ್ಟಿಸಿ ಹಿಡಿದರೆ ಎರಡು ಸೆಕೆಂಡಿನೊಳಗೆ ಬರಿದಾಗುತ್ತದೆ. ಮತ್ತೆ ಅಳೆದು ಖಚಿತಪಡಿಸಿಕೊಳ್ಳಿ. ಸ್ಕ್ರೂ ಡ್ರೈವರಿನಿಂದ ಎರಡೂ ಕಾಲು ಸೇರಿಸಿ 'ಫಟ್' ಎನ್ನಿಸುವ ಅಭ್ಯಾಸ ಹಲವರಿಗಿದೆ. ಬೋರ್ಡಿನ ತಾಮ್ರ ಕಿತ್ತುಬರುವುದು, ಕಿಡಿ ಕಣ್ಣಿಗೆ ಸಿಡಿಯುವುದು ಅದರ ಫಲ.

ಹೇಳಲೇಬೇಕಾದ ಮಾತು: ಈ ಇಡೀ ದುರಸ್ತಿಯನ್ನು ಪ್ಲಗ್ ಹಾಕಿದ ಸ್ಥಿತಿಯಲ್ಲಿ ಏನನ್ನೂ ಅಳೆಯದೆ ಮುಗಿಸಬಹುದು. ಹಾಗೆಯೇ ಮುಗಿಸಿ. ಇದನ್ನು ಓದುವ ಶಾಲಾ ವಿದ್ಯಾರ್ಥಿಗಳು, ಅನುಭವಿ ಹಿರಿಯರು ಪಕ್ಕದಲ್ಲಿಲ್ಲದೆ ಮುಚ್ಚಳಕ್ಕೆ ಕೈ ಹಾಕಬೇಡಿ.

ಹುಡುಕಿ ಬದಲಿಸುವುದು

ಕೋಲ್ಡ್ ಬದಿಯ ಸಣ್ಣ ಕೆಪಾಸಿಟರುಗಳ ನೆತ್ತಿಯನ್ನು ನೋಡಿ. ಅಲ್ಲಿ ಶಿಲುಬೆಯಾಕಾರದ ಅಥವಾ ಅಂಥದೇ ಗೀರುಗಳಿರುತ್ತವೆ. ಒತ್ತಡ ಹೆಚ್ಚಿದರೆ ಅಲ್ಲೇ ಬಿರಿಯಲಿ ಎಂದು ತಯಾರಕರು ಮಾಡಿದ ದುರ್ಬಲ ಜಾಗ ಅದು. ನೆತ್ತಿ ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಕಲೆಯಿದ್ದರೆ ಅದು ಕೆಟ್ಟಿದೆ. ಆದರೆ ಉಬ್ಬದ್ದೆಲ್ಲ ಒಳ್ಳೆಯದೆಂದಲ್ಲ. ನಮ್ಮ ಟಿವಿಯ ಮೂರರಲ್ಲಿ ಉಬ್ಬಿದ್ದುದು ಒಂದೇ. ಉಳಿದೆರಡು ಹೊಸದರಂತೆ ಹೊಳೆಯುತ್ತಿದ್ದವು. ಕಿತ್ತು ಅಳೆದಾಗ 1000 ಮೈಕ್ರೋಫ್ಯಾರಡ್ ಎಂದು ಬರೆದುಕೊಂಡದ್ದು ಅದರ ಅರ್ಧವನ್ನೂ ತೋರಿಸಲಿಲ್ಲ. ಅದಕ್ಕೇ ಒಂದು ಕೆಟ್ಟಿದ್ದರೆ ಆ ಬದಿಯ ಎಲ್ಲವನ್ನೂ ಬದಲಿಸುವುದು ಜಾಣತನ.

ಕೀಳುವ ಮುನ್ನ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಡಬ್ಬಿಯ ಮೇಲಿನ ಪಟ್ಟೆ ಋಣ ಕಾಲನ್ನು ಸೂಚಿಸುತ್ತದೆ; ತಿರುಗಾಮುರುಗಾ ಹಾಕಿದರೆ ಹೊಸ ಕೆಪಾಸಿಟರ್ ಸಿಡಿಯುತ್ತದೆ. ಧಾರಕತೆ ಮೊದಲಿನಷ್ಟೇ ಇರಲಿ, ವೋಲ್ಟೇಜಿನ ಅಂಕಿ ಮೊದಲಿನಷ್ಟು ಅಥವಾ ಹೆಚ್ಚು, 16ರ ಜಾಗಕ್ಕೆ 25 ಆದೀತು. 105 ಡಿಗ್ರಿಯದೇ, ಕಡಿಮೆ ಒಳರೋಧದ್ದೇ ಬೇಕೆಂದು ಕೇಳಿ ತನ್ನಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಗೊತ್ತೇ ಇದೆ. ತೀರ ಅಗ್ಗದ್ದು, ಹೆಸರಿಲ್ಲದ್ದು ತಂದರೆ ಮುಂದಿನ ವರ್ಷ ಮತ್ತೆ ಇದೇ ಕೆಲಸ.

ಬೆಸುಗೆ ಬಿಡಿಸುವಾಗ ಕೆಲವರು ಬೋರ್ಡ್ ಕೆಡಿಸುತ್ತಾರೆ. ಯೂರೋಪಿನಲ್ಲಿ 2006ರ ಜುಲೈಯಿಂದ ಸೀಸದ ಬೆಸುಗೆಗೆ ನಿರ್ಬಂಧ ಬಂದ ಮೇಲೆ ಹೆಚ್ಚಿನ ಬೋರ್ಡುಗಳಲ್ಲಿರುವುದು ಸೀಸರಹಿತ ಬೆಸುಗೆ. ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಿದರೆ ಇದು ಕರಗಲು 217 ಡಿಗ್ರಿ ಬೇಕು. ಕರಗದೆ ಹಟ ಮಾಡಿದರೆ ಕಾಲನ್ನು ಎಳೆಯಬೇಡಿ. ಅದರ ಮೇಲೆ ಸ್ವಲ್ಪ ಹಳೆಯ ಬಗೆಯ ಬೆಸುಗೆ ಸೇರಿಸಿ. ಮಿಶ್ರಣ ಬೇಗ ಕರಗುತ್ತದೆ.

ಇಲ್ಲಿಗೆ ನಿಲ್ಲಿಸಿ

ಕೆಂಪು ದೀಪವೂ ಇಲ್ಲದೆ, ಫ್ಯೂಸಿನ ಗಾಜು ಒಳಗೆ ಕಪ್ಪಾಗಿದ್ದರೆ, ಕಾಯಿಲೆ ಹಾಟ್ ಬದಿಯದು. ಬ್ರಿಡ್ಜ್ ಅಥವಾ ಮಾಸ್‌ಫೆಟ್ ಶಾರ್ಟ್ ಆಗಿರುವ ಸಂಭವ ಹೆಚ್ಚು. ಫ್ಯೂಸ್ ಬದಲಿಸಿದರೆ ಅದೂ ಸುಡುತ್ತದೆ. ತಂತಿಯ ಎಳೆ ಸುತ್ತಿದರೆ ಸುಡುವುದು ಬೋರ್ಡ್. ಮುಂಗಾರಿಗೆ ಮುಂಚಿನ ಸಿಡಿಲು ಮಳೆಯಲ್ಲೋ, ಕಂಬದ ನ್ಯೂಟ್ರಲ್ ತಂತಿ ಕಡಿದಾಗಲೋ ಕೆಟ್ಟ ಟಿವಿಗಳು ಸಾಮಾನ್ಯವಾಗಿ ಈ ಗುಂಪಿನವು. ನ್ಯೂಟ್ರಲ್ ಕಡಿದರೆ ಮನೆಗೆ 415 ವೋಲ್ಟ್‌ವರೆಗೂ ಬರಬಹುದು. ಅಲೆಯ ತುದಿ 587 ವೋಲ್ಟ್. 450 ವೋಲ್ಟಿನ ಕೆಪಾಸಿಟರ್ ಅದನ್ನು ತಡೆಯುವುದೆಂತು? ಇದು ಅನುಭವಿ ಮೆಕ್ಯಾನಿಕ್ಕಿನ ಕೆಲಸ. 'ಕೋಲ್ಡ್' ಎಂಬ ಹೆಸರಿಗೂ ಮೋಸಹೋಗಬಾರದು. ಹಳೆಯ ಎಲ್‌ಸಿಡಿಗಳಲ್ಲಿ ಹಿಂಬದಿಯ ಕೊಳವೆ ದೀಪಗಳನ್ನು ಹೊತ್ತಿಸುವ ಇನ್ವರ್ಟರ್ ಸಾವಿರ ವೋಲ್ಟಿಗೂ ಹೆಚ್ಚು ಹುಟ್ಟಿಸುತ್ತದೆ. ಆ ಕೊಳವೆಗಳಲ್ಲಿ ಪಾದರಸವಿರುವುದರಿಂದ ಒಡೆಯುವಂತೆಯೂ ಇಲ್ಲ.

ಬೋರ್ಡನ್ನು ಮರಳಿ ಕೂರಿಸಿ, ಮುಚ್ಚಳ ಹಾಕಿದ ಮೇಲೆಯೇ ಪ್ಲಗ್ ಹಾಕಬೇಕು. ಮೊದಲ ಸಲ, ಸಾಲಿನಲ್ಲಿ ಜೋಡಿಸಿದ 100 ವ್ಯಾಟಿನ ಹಳೆಯ ತಂತಿಬಲ್ಬಿನ ಮೂಲಕ ವಿದ್ಯುತ್ ಕೊಡುವುದು ಒಳ್ಳೆಯದು. ಈ ಸೀರೀಸ್ ಬಲ್ಬನ್ನು ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿಟ್ಟುಕೊಳ್ಳಬಹುದು; ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ದೊಡ್ಡ ಕೆಪಾಸಿಟರ್ ತುಂಬಿಕೊಂಡಿತು, ಶಾರ್ಟ್ ಇಲ್ಲ ಎಂದರ್ಥ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಕೂಡಲೇ ಪ್ಲಗ್ ಕೀಳಿ. ಕೆಂಪು ದೀಪ ಹತ್ತಿದ ಮೇಲೆ ಬಲ್ಬಿನ ಕೆಲಸ ಮುಗಿಯಿತು. ಅದರ ಮೂಲಕವೇ ಟಿವಿ ಚಾಲೂ ಮಾಡಲು ಹೋದರೆ ವೋಲ್ಟೇಜ್ ಸಾಲದೆ ಮತ್ತೆ ಹಳೆಯ 'ಟಿಕ್ ಟಿಕ್' ಕೇಳಿಸಿ ಎದೆ ಧಸಕ್ಕೆನ್ನುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಬಲ್ಬ್ ತೆಗೆದು ನೇರವಾಗಿ ಪ್ಲಗ್ ಹಾಕಿದಾಗ ಒಂದೇ 'ಟಿಕ್' ಕೇಳಿಸಿತು, ವಾರ್ತೆ ಓದುವವರ ಮುಖ ಮೂಡಿತು.