ಹಳಿಯಾಳದ ಎಥನಾಲ್, ಸಾಂಬ್ರಾದ ಸೀಸ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹ್ಯಾಂಗರೊಂದರಲ್ಲಿ ಮೆಕ್ಯಾನಿಕ್ ಒಬ್ಬರು ಗೆರೆಯಿದ್ದ ಗಾಜಿನ ನಳಿಕೆಗೆ ಒಂದಿಷ್ಟು ನೀರು ಹೊಯ್ದು, ಮೇಲೆ ವಿಮಾನದ ನೀಲಿ ಪೆಟ್ರೋಲ್ ಸುರಿದು ಕುಲುಕಿದರು. ನೀರು ಮೊದಲಿದ್ದ ಗೆರೆಗೇ ಬಂದು ನಿಂತಿತು. ಇನ್ನೊಂದು ನಳಿಕೆಗೆ ನನ್ನ ಬೈಕಿನದೇ ಪೆಟ್ರೋಲ್, ಹಳಿಯಾಳದ ಬಂಕಿನಲ್ಲಿ ತುಂಬಿಸಿದ್ದು. ಕುಲುಕಿಟ್ಟರೆ ನೀರಿನ ಮಟ್ಟ ಏರಿಯೇಬಿಟ್ಟಿತು! ಪೆಟ್ರೋಲಿನೊಳಗಿದ್ದ ಎಥನಾಲ್ ಅದನ್ನು ಬಿಟ್ಟು ನೀರಿನ ಜತೆ ಸೇರಿಕೊಂಡಿತ್ತು. ಈ ಆಟವನ್ನು ಮತ್ತೆ ಮತ್ತೆ ಮಾಡಿಸಿ ನೋಡಿದೆ.

ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. ಹಳಿಯಾಳದ ಇಐಡಿ ಪ್ಯಾರಿ ಸಕ್ಕರೆ ಕಾರ್ಖಾನೆಗೂ ಡಿಸ್ಟಿಲರಿ ಇದೆ. ಕಬ್ಬಿನ ಸೀಮೆಗೆ ಇದು ಒಳ್ಳೆಯದೇ. ಆದರೆ ವಿಮಾನಕ್ಕೆ ಇದು ಒಗ್ಗದು. ಮೇಲಿನ ಚಳಿಯಲ್ಲಿ ನೀರು ಕುಡಿದ ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದರೆ ಎಂಜಿನ್ ಹೀರುವುದು ಅದನ್ನೇ. ಹಳೆಯ ರಬ್ಬರ್ ಸೀಲುಗಳಿಗೂ ಅದು ಆಗಿಬರುವುದಿಲ್ಲ.

ಹಾಗಾಗಿ ಉಳಿದದ್ದು 100ಎಲ್‌ಎಲ್ ಎಂಬ ಆ ನೀಲಿ ವಿಮಾನ ಪೆಟ್ರೋಲ್. ಲೀಟರಿಗೆ 0.56 ಗ್ರಾಂವರೆಗೆ ಸೀಸ. ದೇಶದ ಬಂಕುಗಳು 2000ದಲ್ಲೇ ಬಿಟ್ಟ ವಿಷ ಇದು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಕೆರೆದಾಗ ರಾಗಿಕಾಳಿನಷ್ಟು ಬೂದು ಗುಳಿಗೆಗಳು ಕಾಗದದ ಮೇಲೆ ಉದುರಿದವು. ಪ್ಲಗ್ಗಿಗೆ ಅಂಟದ ಸೀಸ ಹೊಗೆಯಲ್ಲಿ ಹೊರಬೀಳುತ್ತದೆ.

ವಿಚಿತ್ರವೆಂದರೆ, ರೋಟ್ಯಾಕ್ಸ್ 912ರಂಥ ಎಂಜಿನ್‌ಗಳಿಗೆ ಸೀಸರಹಿತ ಪೆಟ್ರೋಲೇ ಹಿತ. ಎಥನಾಲ್ ಮಾತ್ರ ಶೇ 10 ಮೀರಬಾರದು. ಸೀಸದ ಇಂಧನ ಕುಡಿಸಿದರೆ ಆಯಿಲ್ಲನ್ನು ಬೇಗ ಬೇಗ ಬದಲಿಸಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿ, 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿದ ತರಬೇತಿ ವಿಮಾನ ಹಂಸ-ಎನ್‌ಜಿಯಲ್ಲೂ ಇದೇ ಬಳಗದ ಎಂಜಿನ್ನಿದೆ.

ಸ್ವೀಡನ್ನಿನ ಯೆಲ್ಮ್‌ಕೊ ಕಂಪನಿ 1981ರಲ್ಲೇ ಸೀಸವಿಲ್ಲದ ವಿಮಾನ ಪೆಟ್ರೋಲ್ ಮಾರಿತು. ಅಮೆರಿಕ 2022ರಲ್ಲಿ ಜಿ100ಯುಎಲ್ ಎಂಬ ಸೀಸರಹಿತ ಇಂಧನಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸಿದ ಸ್ವದೇಶಿ ವಿಮಾನ ಪೆಟ್ರೋಲನ್ನು ಬಿಡುಗಡೆ ಮಾಡಿತು, ಆದರೆ ಅದೂ ಸೀಸದ 100ಎಲ್‌ಎಲ್ಲೇ.

ಅಡಚಣೆಗಳು ಸುಳ್ಳಲ್ಲ. ಅಮೆರಿಕದ ಉತ್ತರ ಡಕೋಟ ವಿಶ್ವವಿದ್ಯಾಲಯ 2023ರಲ್ಲಿ ತನ್ನ ತರಬೇತಿ ವಿಮಾನಗಳಿಗೆ ಸೀಸರಹಿತ ಯುಎಲ್94 ಬಳಸಿ, ವಾಲ್ವ್ ಸೀಟುಗಳು ಸವೆದದ್ದು ಕಂಡು ಕೆಲವೇ ತಿಂಗಳಲ್ಲಿ ಸೀಸಕ್ಕೆ ಮರಳಿತು. ಆದರೆ ಎಲ್ಲ ಎಂಜಿನ್‌ಗೂ ಒಗ್ಗುವ ಒಂದೇ ಇಂಧನ ಬರಲೆಂದು ಕಾಯುತ್ತ ಕೂರುವುದು ನನಗೆ ಒಪ್ಪಿಗೆಯಿಲ್ಲ. ರೋಟ್ಯಾಕ್ಸ್ ವಿಮಾನಗಳಿಗೆ ಇಂದೇ ಸಾಲುವಂಥ, ಎಥನಾಲೂ ಸೀಸವೂ ಇಲ್ಲದ ಪೆಟ್ರೋಲನ್ನು ಸಾಂಬ್ರಾ, ಜಕ್ಕೂರು, ಕಲಬುರಗಿಯಂಥ ತರಬೇತಿ ನೆಲೆಗಳಲ್ಲಿ ಮೊದಲು ಇಡಬೇಕು. ಮಕ್ಕಳ ಮಿದುಳಿಗೆ ಸೀಸ ಇಷ್ಟಾದರೆ ಅಡ್ಡಿಯಿಲ್ಲ ಎಂಬ ಪ್ರಮಾಣವೇ ಇಲ್ಲ. ತರಬೇತಿ ವಿಮಾನಗಳೋ ದಿನವಿಡೀ ಕಡಿಮೆ ಎತ್ತರದಲ್ಲಿ ಸುತ್ತುವುದು ಊರುಗಳ ಮೇಲೆಯೇ.