ಡಿಸೈನ್ ಕಲಿಯುವೆನೆಂಬ ಮಗುವಿಗೆ ಕನ್ನಡ ಶಾಲೆ ಅಡ್ಡಿಯಲ್ಲ

"ಅಪ್ಪಾ, ನಾ ಡಿಸೈನ್ ಕಲೀತೀನಿ."

"ಡಿಸೈನ್ ಅಂದ್ರ ಏನವ್ವಾ? ಚಿತ್ರ ತಗದ್ರ ಹೊಟ್ಟಿ ತುಂಬತದೇನು?"

ಪಾಲಕರೇ, ವಳಸಂಗದಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ, ಹತ್ತನೆಯ ತರಗತಿಗೆ ಬಂದ ಮಗುವಿರುವ ಮನೆಯಲ್ಲಿ ಇಂಥ ಮಾತು ಇಂದಲ್ಲ ನಾಳೆ ಬರಬಹುದು. ಡಾಕ್ಟರ್, ಇಂಜಿನಿಯರ್, ಡಿ.ಎಡ್., ಪೊಲೀಸ್ ಭರತಿ ಎಂದರೆ ನಮಗೆ ದಾರಿ ಗೊತ್ತಿದೆ. ಡಿಸೈನ್ ಎಂದರೆ ಗೊತ್ತಿಲ್ಲ. ಅದರ ಹಿಂದೆಯೇ ಇನ್ನೊಂದು ಅನುಮಾನವೂ ಬರುತ್ತದೆ: ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ವೆಬ್‌ಸೈಟ್, ಕಂಪ್ಯೂಟರ್ ಎಂಬುದೆಲ್ಲ ಆದೀತೇ? ಮೊದಲೇ ಇಂಗ್ಲಿಷ್ ಶಾಲೆಗೆ ಹಾಕಬೇಕಿತ್ತೇನೋ?

ಈ ಅನುಮಾನದಲ್ಲೇ ಎಷ್ಟೋ ಮನೆಗಳಲ್ಲಿ ತಮ್ಮ, ತಂಗಿಯರನ್ನು ಕನ್ನಡ ಶಾಲೆಯಿಂದ ಬಿಡಿಸುವ ಮಾತು ಶುರುವಾಗುತ್ತದೆ. ಆ ನಿರ್ಧಾರಕ್ಕೆ ಮುನ್ನ ಈ ಕೆಲಸ ಏನು, ಅದರಲ್ಲಿ ಕನ್ನಡಕ್ಕೆ ಜಾಗ ಎಲ್ಲಿದೆ ಎಂಬುದನ್ನು ನೋಡೋಣ ಬನ್ನಿ.

ಡಿಸೈನ್ ವಿದ್ಯಾರ್ಥಿ ಮಾಡುವುದೇನು?

ಚಿತ್ರ ಬಿಡಿಸುವುದು ಡಿಸೈನ್‌ನ ಒಂದು ಭಾಗ ಮಾತ್ರ. ಯಾರಿಗೋ ಒಂದು ತೊಂದರೆ ಇದೆ, ಅದನ್ನು ನೋಡಿ, ಕೇಳಿ, ಅಳತೆ ಮಾಡಿ, ಸುಲಭವಾಗುವ ಹಾಗೆ ಒಂದು ವಸ್ತುವನ್ನೋ ಪುಟವನ್ನೋ ರೂಪಿಸುವುದೇ ಡಿಸೈನ್. ವೆಬ್ ವಿನ್ಯಾಸ ಕಲಿಯುವ ವಿದ್ಯಾರ್ಥಿಗೆ ಕೊಡುವ ಕೆಲಸಗಳು ಸಾಮಾನ್ಯವಾಗಿ ಹೀಗಿರುತ್ತವೆ: ಒಂದು ಅಂಗಡಿಗೆ ಒಂದೇ ಪುಟದ ಜಾಲತಾಣ, ಒಂದು ಊರಿನ ಚರಿತ್ರೆ ಹೇಳುವ ತಾಣ, ಬಸ್ಸಿನ ವೇಳಾಪಟ್ಟಿಯನ್ನು ಮೊಬೈಲ್‌ನಲ್ಲಿ ಅಜ್ಜಿಯೂ ಓದುವಂತೆ ಜೋಡಿಸುವುದು. ಕೊನೆಗೆ ಈ ಕೆಲಸಗಳನ್ನೆಲ್ಲ ಒಂದೆಡೆ ಸೇರಿಸಿ ತೋರಿಸಬೇಕು. ಇದಕ್ಕೆ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಕೆಲಸಕ್ಕೆ ಹೋದಾಗ ಅಂಕಪಟ್ಟಿಯಷ್ಟೇ ಗಮನವಿಟ್ಟು ಇದನ್ನೂ ನೋಡುತ್ತಾರೆ.

ಇಂಥ ಪ್ರತಿಯೊಂದು ಕೆಲಸಕ್ಕೂ ವಿದ್ಯಾರ್ಥಿ ತನಗೆ ಸ್ಫೂರ್ತಿ ಎಲ್ಲಿಂದ ಬಂತು ಎಂದು ವಿವರಿಸಬೇಕಾಗುತ್ತದೆ. ಎಲ್ಲರೂ ಇಂಟರ್ನೆಟ್‌ನಲ್ಲಿ ಹುಡುಕಿ ಒಂದೇ ಬಗೆಯ ವಿದೇಶಿ ಚಿತ್ರಗಳನ್ನು ತಂದಿಟ್ಟರೆ ಹೊಸದೇನೂ ಹುಟ್ಟುವುದಿಲ್ಲ. ನಮ್ಮ ಮಕ್ಕಳಿಗೆ ಅನುಕೂಲ ಇರುವುದು ಇಲ್ಲೇ.

ನಮ್ಮೂರಿನ ಚಾದರ, ಅಜ್ಜಿಯ ಕೌದಿ

ಸೊಲ್ಲಾಪುರದ ಚಾದರ ನಿಮ್ಮ ಮನೆಯಲ್ಲೂ ಇದೆ. ಅದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಇದೆ. ಅದರ ಮೇಲಿನ ಹೂವು, ಬಳ್ಳಿ ನೇಯ್ಗೆಯಲ್ಲೇ ಬರುವುದು ಜಕಾರ್ಡ್ ಎಂಬ ಸಾಧನದಿಂದ. ಸುಮಾರು 1804ರಲ್ಲಿ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಈ ಮಗ್ಗದಲ್ಲಿ ತೂತು ಹಾಕಿದ ರಟ್ಟಿನ ಕಾರ್ಡುಗಳ ಮಾಲೆ ಇರುತ್ತದೆ. ತೂತು ಇದ್ದಲ್ಲಿ ಒಂದು ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ನಕ್ಷೆಗಾರ ಮೊದಲು ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಹೂವು ಬರೆಯುತ್ತಾನೆ, ಅದನ್ನು ನೋಡಿ ಕಾರ್ಡಿಗೆ ತೂತು ಹಾಕುತ್ತಾರೆ.

ಇದೇ ಕಾರ್ಡಿನ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 19ನೆಯ ಶತಮಾನದಲ್ಲಿ ತನ್ನ ಲೆಕ್ಕದ ಯಂತ್ರಕ್ಕೆ ಬಳಸಲು ಯೋಜಿಸಿದ. ಆ ಯಂತ್ರದ ಬಗ್ಗೆ 1843ರಲ್ಲಿ ಬರೆದ ಏಡಾ ಲವ್ಲೇಸ್, ಜಕಾರ್ಡ್ ಮಗ್ಗ ಹೂವು, ಎಲೆ ನೇಯುವಂತೆ ಇದು ಬೀಜಗಣಿತವನ್ನು ನೇಯುತ್ತದೆ ಎಂಬ ಅರ್ಥದ ಮಾತು ಹೇಳಿದಳು. ಇಂದಿನ ಕಂಪ್ಯೂಟರ್‌ನ ವಂಶಾವಳಿಯಲ್ಲಿ ಮಗ್ಗಕ್ಕೂ ಒಂದು ಸ್ಥಾನ ಇದೆ. ಪರದೆಯ ಮೇಲಿನ ಚಿತ್ರವೂ ಚೌಕಳಿ ಹಾಳೆಯಂತೆ ಸಣ್ಣ ಸಣ್ಣ ಚುಕ್ಕಿ ಮನೆಗಳಿಂದಲೇ ಆಗಿರುತ್ತದೆ. ಮಗ್ಗದ ಮನೆಯ ಮಗುವಿಗೆ ಇದನ್ನು ಬಹಳ ಹೊತ್ತು ವಿವರಿಸಬೇಕಾಗಿಲ್ಲ.

ಕಸೂತಿಯೂ ಹಾಗೆಯೇ. ಗವಂತಿ, ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳನ್ನು ಹಾಕುವಾಗ ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು, ತುಳಸಿಕಟ್ಟೆ ಮೂಡಿಸುತ್ತಾರೆ. ಕೌದಿ ಹೊಲಿಯುವ ಅಜ್ಜಿ ದೊಡ್ಡ ತುಂಡು ನಡುವೆ ಇಡುವುದೇ, ಅಂಚಿಗೆ ಯಾವ ಬಣ್ಣ, ಎಲ್ಲಿ ಖಾಲಿ ಬಿಡುವುದು ಎಂದು ಯೋಚಿಸುತ್ತಾಳೆ. ವೆಬ್ ಪುಟ ಜೋಡಿಸುವವರು ಮಾಡುವ ಯೋಚನೆಯೂ ಇದೇ.

ಇದು ನಮ್ಮೂರಿನ ಅಭಿಮಾನಕ್ಕಾಗಿ ಆಡುವ ಮಾತಲ್ಲ. 1958ರಲ್ಲಿ ಅಮೆರಿಕದ ಹೆಸರಾಂತ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸುತ್ತಿ ಸರಕಾರಕ್ಕೆ ಒಂದು ವರದಿ ಕೊಟ್ಟರು. ಇಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಬಹಳವಾಗಿ ಮೆಚ್ಚಿದ್ದು ನಮ್ಮ ಮನೆಮನೆಯ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದಾಗ ನೀರು ಹೇಗೆ ಬೀಳಬೇಕು ಎಂಬುದನ್ನೆಲ್ಲ ತಲೆಮಾರುಗಳು ತಿದ್ದಿ ತಿದ್ದಿ ಮಾಡಿದ ರೂಪ ಅದು. ಆ ವರದಿಯ ನಂತರ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಹುಟ್ಟಿತು. ನಮ್ಮ ಜಿಲ್ಲೆಯ ಪಂಢರಪುರದಲ್ಲಿ ಹುಟ್ಟಿದ ಚಿತ್ರಕಾರ ಎಂ.ಎಫ್. ಹುಸೇನ್ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಕೈ ಪಳಗಿಸಿಕೊಂಡವರು ಎಂಬುದನ್ನೂ ಮಕ್ಕಳಿಗೆ ಹೇಳಿ.

ಕನ್ನಡ ಬಲ್ಲವರಿಗೇ ಕಾಣುವ ತೊಡಕು

ಈಗ ಮುಖ್ಯ ಮಾತಿಗೆ ಬರೋಣ. ವೆಬ್ ಪುಟದಲ್ಲಿ ಕನ್ನಡವನ್ನು ಚೆನ್ನಾಗಿ ಕೂರಿಸುವುದು ಇಂಗ್ಲಿಷ್ ಮಾತ್ರ ಬಲ್ಲವರಿಂದ ಆಗುವ ಕೆಲಸವಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಕನ್ನಡ ಹಾಕಿ ನೋಡಿ. "ಅಕ್ಕಲಕೋಟೆ", "ಸೊಲ್ಲಾಪುರ" ಎಂಬ ಹೆಸರುಗಳ ಒತ್ತಕ್ಷರ ಕೆಳಗಿಳಿದು, ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು ಅಂತರ ಕೊಟ್ಟರೆ ಓದಲು ಹಿತ. ಕನ್ನಡದ ಪದಗಳು ಉದ್ದ. ಮೊಬೈಲ್‌ನ ಇಕ್ಕಟ್ಟಾದ ಪರದೆಯಲ್ಲಿ ಎಲ್ಲಿ ಮುರಿಯಬೇಕು ಎಂಬುದನ್ನು ಭಾಷೆ ಬಲ್ಲವರೇ ಹೇಳಬೇಕು.

ಗಡಿಭಾಗದಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಪುಟದಲ್ಲಿ ಬೇಕು. ಮರಾಠಿಗೆ ನೇರ ಶಿರೋರೇಖೆ, ಕನ್ನಡಕ್ಕೆ ದುಂಡು ಮೈ. ಒಂದೇ ಅಳತೆ ಕೊಟ್ಟರೂ ಒಂದು ದೊಡ್ಡದಾಗಿ, ಒಂದು ಸಣ್ಣದಾಗಿ ಕಾಣಬಹುದು. ಅದನ್ನು ಕಣ್ಣಳತೆಯಿಂದ ಸರಿದೂಗಿಸಬೇಕು. ಮರಾಠಿಯ 'ಲ', 'ಶ' ಅಕ್ಷರಗಳ ರೂಪ ಹಿಂದಿಯದಕ್ಕಿಂತ ಬೇರೆ. ಯಾವ ಭಾಗ ಕನ್ನಡ, ಯಾವ ಭಾಗ ಮರಾಠಿ ಎಂದು ಪುಟದೊಳಗೆ ಗುರುತು ಹಾಕಿದರೆ ಸರಿಯಾದ ಅಕ್ಷರರೂಪ ಬರಲು ಸಹಾಯವಾಗುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ತಕ್ಕ ಧ್ವನಿ ಆರಿಸಿಕೊಳ್ಳುತ್ತದೆ. ಕನ್ನಡ ಶಾಲೆಯಲ್ಲಿ ಕನ್ನಡ ಓದಿ, ಜೊತೆಗೆ ಮರಾಠಿಯನ್ನೂ ಕಲಿತ ನಮ್ಮ ಮಕ್ಕಳಿಗೆ ಈ ವ್ಯತ್ಯಾಸಗಳು ಕಣ್ಣಿಗೆ ಬೀಳುತ್ತವೆ.

ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಪತ್ರವನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡದ್ದು ನಿಮಗೂ ನೆನಪಿರಬಹುದು. ಯೂನಿಕೋಡ್ ಆ ತೊಂದರೆ ನೀಗಿಸಿತು. ಅದರಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ಕನ್ನಡದ 'ಕ' 3221, ಮರಾಠಿಯ 'ಕ' 2325. ಎರಡೂ ಲಿಪಿಗಳ ಮೂಲ ವಿಭಾಗಕ್ಕೆ ಸಮನಾಗಿ 128 ಸ್ಥಾನಗಳು. ಆ ಪಟ್ಟಿಯಲ್ಲಿ ಯಾವ ಭಾಷೆಯೂ ದೊಡ್ಡದಲ್ಲ, ಸಣ್ಣದಲ್ಲ.

ಕನ್ನಡದ ಅಕ್ಷರ ವಿನ್ಯಾಸ ಬೆಂಗಳೂರಿನಲ್ಲಿ ಮಾತ್ರ ಆಗುತ್ತದೆ ಎಂದೂ ತಿಳಿಯಬೇಡಿ. ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಬಂದ 'ತುಂಗಾ' ಎಂಬ ಕನ್ನಡ ಫಾಂಟಿನ ಹಿಂದೆ ಇದ್ದವರು ಮುಂಬೈಯಲ್ಲಿ ಪಾಠ ಹೇಳುತ್ತಿದ್ದ ಸುಂದರ ಲಿಪಿಗಾರ ಆರ್.ಕೆ. ಜೋಶಿ ಮತ್ತು ವಿನಯ್ ಸಾಯ್ನೇಕರ್. 'ಬಾಲೂ ತಮ್ಮ', 'ಅನೇಕ್ ಕನ್ನಡ' ಎಂಬ ಉಚಿತ ಫಾಂಟುಗಳನ್ನು ಕೊಟ್ಟ ಏಕ್ ಟೈಪ್ ಸಂಸ್ಥೆಯೂ ಮುಂಬೈಯದೇ. ಕನ್ನಡವನ್ನು ಉಚ್ಚಾರದಂತೆ ಟೈಪ್ ಮಾಡುವ ಕೀಲಿಮಣೆ ಕೊಟ್ಟ ಕೆ.ಪಿ. ರಾವ್ ಕರಾವಳಿಯ ಕಿನ್ನಿಕಂಬಳದವರು. ಮಹಾರಾಷ್ಟ್ರದಲ್ಲಿದ್ದು ಕನ್ನಡದ ಕೆಲಸ ಮಾಡಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಲ್ಲಿಯೇ ಮಾಡಬಹುದಾದ ಪ್ರಾಜೆಕ್ಟ್

12ನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಸೊನ್ನಲಿಗೆಯವರು, ಅಂದರೆ ನಮ್ಮ ಸೊಲ್ಲಾಪುರದವರು. ಅವರು ವಚನ ಬರೆದದ್ದು ಕನ್ನಡದಲ್ಲಿ. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಒಂದು ಪದ ಕೊಟ್ಟು ಹುಡುಕಬಹುದು. ಅದನ್ನು ಕಟ್ಟಿದವರು ಕನ್ನಡದ ಉತ್ಸಾಹಿ ತಂತ್ರಜ್ಞರು. ಮಗುವಿಗೆ ಒಮ್ಮೆ ತೋರಿಸಿ.

ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಸಿದ್ಧರಾಮರು ಸ್ಥಾಪಿಸಿದರೆಂಬ 68 ಲಿಂಗಗಳ ಕಡೆಗೆ ಹೊರಡುತ್ತವೆ. ಆ 68 ಲಿಂಗಗಳು ಎಲ್ಲಿವೆ, ಒಂದೊಂದರ ಚಿತ್ರ, ಹೋಗುವ ದಾರಿ, ಸುತ್ತಲಿನ ಜನ ಹೇಳುವ ಕಥೆ ಇವಿಷ್ಟನ್ನು ಕನ್ನಡ, ಮರಾಠಿ ಎರಡರಲ್ಲೂ ಹೇಳುವ ಒಂದು ತಾಣ ಮಾಡಿದರೆ ಅದು ಯಾವ ಕಾಲೇಜಿನ ಮುಂದೆಯೂ ಇಡಬಹುದಾದ ಪ್ರಾಜೆಕ್ಟ್. ಅಷ್ಟು ದೊಡ್ಡದು ಬೇಡವೆಂದರೆ ವಳಸಂಗದ ಸಂತೆಯ ಒಂದು ಪುಟ, ಅಕ್ಕಲಕೋಟೆಗೆ ಬರುವ ಭಕ್ತರಿಗೆ ಮೂರು ಭಾಷೆಯ ದಾರಿಸೂಚಿ, ಅಜ್ಜಿಯ ಕೌದಿಯ ಹತ್ತು ಚಿತ್ರ ಸಾಕು.

ಶಾಲೆಯ ಮಟ್ಟದಲ್ಲೂ ನಮ್ಮ ಜಿಲ್ಲೆಗೆ ಒಂದು ಉದಾಹರಣೆ ಇದೆ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಪಡೆದರು. ಪಾಠವನ್ನು ಮಕ್ಕಳ ಮಾತೃಭಾಷೆಗೆ ತಂದು, ಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿದ್ದನ್ನು ಪ್ರಶಸ್ತಿಯ ವಿವರಣೆಯಲ್ಲಿ ಎತ್ತಿ ಹೇಳಲಾಗಿತ್ತು. ಅದೂ ವಿನ್ಯಾಸದ ಕೆಲಸವೇ.

ಮುಂದಿನ ದಾರಿ, ಮತ್ತು ಒಂದು ಕಟು ಮಾತು

ಹೈಸ್ಕೂಲಿನಲ್ಲಿರುವಾಗಲೇ ಮಹಾರಾಷ್ಟ್ರ ಕಲಾ ಸಂಚಾಲನಾಲಯದ ಎಲಿಮೆಂಟರಿ, ಇಂಟರ್‌ಮೀಡಿಯಟ್ ಚಿತ್ರಕಲಾ ಪರೀಕ್ಷೆಗಳಿಗೆ ಕೂರಿಸಿ. ಅರ್ಜಿ ಶಾಲೆಯ ಮೂಲಕ ಹೋಗುತ್ತದೆ. ಇದರ ಶ್ರೇಣಿಗೆ ಹತ್ತನೆಯ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುವ ಅವಕಾಶವಿದೆ. ಈಗಿನ ನಿಯಮವನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳಿ.

ಹನ್ನೆರಡನೆಯ ತರಗತಿಯ ನಂತರ ಐಐಟಿಗಳ ಬಿ.ಡೆಸ್. ಪದವಿಗೆ ಐಐಟಿ ಮುಂಬೈ ನಡೆಸುವ ಯುಸೀಡ್ ಪರೀಕ್ಷೆ ಇದೆ. ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಬರೆಯಬಹುದು. ಎನ್‌ಐಡಿಗೆ ಅದರದೇ ಎರಡು ಹಂತದ ಪ್ರವೇಶ ಪರೀಕ್ಷೆ ಇದೆ. ಅನ್ವಯಿಕ ಕಲೆಯ ಬಿಎಫ್‌ಎ ಪದವಿಗೆ ರಾಜ್ಯದ ಎಎಸಿ ಸಿಇಟಿ ಇದೆ. 1857ರಲ್ಲಿ ಶುರುವಾದ ಮುಂಬೈನ ಸರ್ ಜೆ.ಜೆ. ಕಲಾಶಾಲೆಯ ಹೆಸರು ನೀವೂ ಕೇಳಿರುತ್ತೀರಿ.

ಕಟು ಮಾತೆಂದರೆ ಇದು: ಯುಸೀಡ್ ಪ್ರಶ್ನೆಪತ್ರಿಕೆ ಇಂಗ್ಲಿಷಿನದು. ಕಾಲೇಜಿನ ಪಾಠವೂ ಬಹುಪಾಲು ಇಂಗ್ಲಿಷಿನಲ್ಲೇ. ಇದನ್ನು ಮುಚ್ಚಿಟ್ಟು ಮಗುವನ್ನು ಕಳಿಸಿದರೆ ಮೊದಲ ವರ್ಷವೇ ಕುಗ್ಗಿಹೋಗುತ್ತದೆ. ಆದರೆ ಇದಕ್ಕೆ ಪರಿಹಾರ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು. ಕನ್ನಡ ಬಿಡಿಸುವುದಲ್ಲ. ಎಂಟನೆಯ ತರಗತಿಯಿಂದ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದು, ತಾನು ಮಾಡಿದ ಚಿತ್ರದ ಬಗ್ಗೆ ವಾರಕ್ಕೊಮ್ಮೆ ಐದು ವಾಕ್ಯ ಕನ್ನಡದಲ್ಲಿ, ಅವೇ ಐದು ಇಂಗ್ಲಿಷಿನಲ್ಲಿ. ನಾಲ್ಕು ವರ್ಷ ಕೈಯಲ್ಲಿರುತ್ತದೆ. ಇನ್ನೊಂದು ಎಚ್ಚರ: ಖಾಸಗಿ ಡಿಸೈನ್ ಕಾಲೇಜುಗಳ ಶುಲ್ಕ ಬಹಳ. ಜಾಹೀರಾತು ನೋಡಿ ಹೊಲ ಅಡವಿಡಬೇಡಿ. ಕಾಲೇಜಿಗೆ ಮಾನ್ಯತೆ ಇದೆಯೇ, ಅಲ್ಲಿ ಓದಿದವರು ಈಗ ಏನು ಮಾಡುತ್ತಿದ್ದಾರೆ ಎಂದು ಹೋಗಿ ಕೇಳಿ.

ಈ ವಾರ ನೀವು ಮಾಡಬಹುದಾದದ್ದು

ಖರ್ಚಿಲ್ಲದೆ ಶುರು ಮಾಡಬಹುದು. ಒಂದು ಚೌಕಳಿ ವಹಿ ಕೊಡಿಸಿ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ವಾರಕ್ಕೆ ಒಂದು ತಾಸು ಬಳಸಲು ಗುರುಗಳ ಅನುಮತಿ ಕೇಳಿ. ಎಚ್‌ಟಿಎಂಎಲ್ ಎಂಬ ಸರಳ ಗುರುತುಗಳಲ್ಲಿ ಪುಟ ಬರೆಯಲು ನೋಟ್‌ಪ್ಯಾಡ್ ಸಾಕು. ಬರೆದದ್ದನ್ನು ತೆರೆದು ನೋಡಲು ಇಂಟರ್ನೆಟ್ ಕೂಡ ಬೇಡ. 'ನೋಟೊ ಸ್ಯಾನ್ಸ್ ಕನ್ನಡ'ದಂಥ ಉಚಿತ ಫಾಂಟುಗಳಿವೆ. ಮೊದಲ ಪುಟದಲ್ಲಿ ಮಗು ತನ್ನ ಹೆಸರು, ಊರು, ಮನೆಯ ಒಂದು ವಸ್ತುವಿನ ಚಿತ್ರ ಹಾಕಲಿ. ಫೋನ್ ನಂಬರು, ವಿಳಾಸ ಹಾಕುವುದು ಬೇಡ.

ಪುಟ ಮುಗಿದ ಮೇಲೆ ಮನೆಯ ಹಿರಿಯರಿಗೆ ಓದಲು ಕೊಡಿ. ಕನ್ನಡಕ ಹಾಕಿಕೊಂಡ ಅಜ್ಜ "ಒತ್ತು ಕಾಣವಲ್ದಲ್ಲೋ ತಮ್ಮಾ, ಸಾಲು ಒಂದರ ಮ್ಯಾಲೊಂದು ಕುಂತಾವ" ಎಂದರೆ ಮಗು ಬೇಜಾರು ಮಾಡಿಕೊಳ್ಳದೆ ಮತ್ತೆ ಕೂತು ಸಾಲಿನ ಅಂತರ ಸರಿಪಡಿಸಲಿ. ಡಿಸೈನ್ ಕಾಲೇಜಿನಲ್ಲೂ ಮಾಡಿಸುವುದು ಇದನ್ನೇ. ಹಾಗೆ ಮತ್ತೆ ಮತ್ತೆ ತಿದ್ದುವ ತಾಳ್ಮೆ ನಿಮ್ಮ ಮಗುವಿನಲ್ಲಿ ಕಂಡರೆ, "ಚಿತ್ರ ತಗದ್ರ ಹೊಟ್ಟಿ ತುಂಬತದೇನು" ಎಂದು ಕೇಳುವ ಬದಲು, "ಮುಂದಿನ ಪರೀಕ್ಷಿ ಯಾವಾಗದವ್ವಾ" ಎಂದು ಕೇಳಿ.